ಹಿತ್ತಲ ಎಲೆ, ಕಿಟಕಿ ಪರದೆ: ಮಳೆಗಾಲದಲ್ಲಿ ಬಟ್ಟೆಗೆ ಅಚ್ಚು ಹಾಕಿದ ಕಥೆ

ಅಂತೂ ನಮ್ಮ ಮನೆಯ ಪರದೆಗಳು ಕಿಟಕಿಗೆ ಏರಿದವು. ಹಿತ್ತಲಿನ ಎಲೆಗಳಿಗೆ ಬಣ್ಣ ಹಚ್ಚಿ, ಬಟ್ಟೆಯ ಮೇಲೆ ಒತ್ತಿ ಮಾಡಿದ ಪರದೆಗಳು. ಫೋಟೊ ನೋಡಿದವರೆಲ್ಲ "ಹೇಗೆ ಮಾಡಿದ್ರಿ, ನಮಗೂ ಹೇಳಿ" ಎಂದು ಕೇಳುತ್ತಿದ್ದಾರೆ. ಫೋನಿನಲ್ಲಿ ಹೇಳಿ ಹೇಳಿ ಬಾಯಿ ಒಣಗಿತು. ಬರೆದೇ ಇಡೋಣ ಎಂದು ಕೂತಿದ್ದೇನೆ.

ವಿಡಿಯೊಗಳಲ್ಲಿ ಇದು ಐದು ನಿಮಿಷದ ಕೆಲಸದಂತೆ ಕಾಣುತ್ತದೆ. ಎಲೆಗೆ ಬಣ್ಣ ಹಚ್ಚುತ್ತಾರೆ, ಒತ್ತುತ್ತಾರೆ, ಎತ್ತುತ್ತಾರೆ, ಮುಗಿಯಿತು. ಅಷ್ಟು ನಿಜವೇ. ಆದರೆ ಅದಕ್ಕೆ ಮೊದಲು ಬಟ್ಟೆ ಹದ ಮಾಡಬೇಕು, ಆಮೇಲೆ ಒಣಗಿಸಿ ಇಸ್ತ್ರಿ ಹಾಕಬೇಕು. ಕೆಲಸವೆಲ್ಲ ಇರುವುದು ಅಲ್ಲೇ. ನಮ್ಮ ಮಲೆನಾಡಿನ ಊರು ಸಾಗರದ ಮಳೆಯಲ್ಲಂತೂ ಕೇಳುವುದೇ ಬೇಡ.

ಗೌರಿ ಹಬ್ಬಕ್ಕೆ ನಾದಿನಿ ಮನೆಯವರು ಬರುವವರಿದ್ದರು. ಗೋಡೆಗೆ ಹೊಸ ಬಣ್ಣ ಹೊಡೆಸಿದ್ದೆವು, ಹಳೆ ಪರದೆ ಬಿಸಿಲಿಗೆ ಬೆಳ್ಳಗಾಗಿ ಹರಿಯುತ್ತಿತ್ತು. ನಾಲ್ಕು ಕಿಟಕಿಗೆ ಎಂಟು ಪರದೆ. ಅಂಗಡಿಯಲ್ಲಿ ವಿಚಾರಿಸಿದರೆ ಹೊಲಿಗೆ, ಬಳೆ ಎಲ್ಲ ಸೇರಿ ಹತ್ತು ಸಾವಿರದ ಹತ್ತಿರ ಹೇಳಿದರು. ಇಷ್ಟವಾಗುವ ಚಿತ್ರವಾದರೂ ಇತ್ತಾ? ಅದೂ ಇಲ್ಲ. ಎಲ್ಲದರ ಮೇಲೂ ಅದೇ ಗುಲಾಬಿ ಹೂವು, ಅದೇ ಹೊಳಪು. ಆಗ ನಾವೇ ಮಾಡೋಣ ಅನ್ನಿಸಿತು. ಅತ್ತೆ ಕೇಳಿ ನಕ್ಕರು: "ಎಲೆ ಊಟಕ್ಕೆ ಸಾಲದು ಅಂತ ಈಗ ಕಿಟಕಿಗೂ ಬೇಕಾಯ್ತಾ?"

ಮೊದಲ ತೊಡಕು ಬಟ್ಟೆ. ಪೇಟೆಯ ಒಂದು ಅಂಗಡಿಯಲ್ಲಿ "ಪ್ಯೂರ್ ಕಾಟನ್" ಎಂದು ಹೇಳಿ ಬಿಳಿ ಬಟ್ಟೆ ಕೊಟ್ಟರು. ಮೀಟರಿಗೆ 130 ರೂಪಾಯಿ. ಮನೆಗೆ ತಂದು ಒಗೆದೆ. ಒಣಗಿದ ಮೇಲೆ ನೋಡಿದರೆ ಒಂದು ಸುಕ್ಕೂ ಇಲ್ಲ. ಹತ್ತಿ ಬಟ್ಟೆ ಒಗೆದ ಮೇಲೆ ಸುಕ್ಕಾಗದೆ ಇರುತ್ತಾ? ಸಂಶಯ ಬಂತು. ಅಂಚಿನಿಂದ ಒಂದೆರಡು ದಾರ ಕಿತ್ತು ದೀಪಕ್ಕೆ ಹಿಡಿದೆ. ದಾರ ಕರಗಿ, ತುದಿಯಲ್ಲಿ ಸಣ್ಣ ಗಟ್ಟಿ ಮಣಿಯಾಯಿತು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಹಿಸುಕಿದರೆ ಬೂದಿ ಪುಡಿಯಾಗುತ್ತದೆ. ಇದರಲ್ಲಿ ಪಾಲಿಯೆಸ್ಟರ್ ಸೇರಿತ್ತು. ಅಂಗಡಿಗೆ ವಾಪಸ್ ಒಯ್ದರೆ "ಕತ್ತರಿಸಿದ ಬಟ್ಟೆ ತಗೊಳ್ಳೋದಿಲ್ಲ ಅಕ್ಕ" ಅಂದರು. ಬಿಲ್ಲಿನಲ್ಲಿ ಸುಮ್ನೆ "ಬಟ್ಟೆ" ಎಂದಷ್ಟೇ ಬರೆದಿತ್ತು. ವಾದ ಮಾಡಲು ಕೈಯಲ್ಲಿ ಏನೂ ಇರಲಿಲ್ಲ. ನೀವು ಕೊಳ್ಳುವಾಗ ಬಿಲ್ಲಿನಲ್ಲಿ "100% ಕಾಟನ್" ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಇನ್ನೂ ಒಳ್ಳೆಯದು, ಮೊದಲು ಕಾಲು ಮೀಟರ್ ಮಾತ್ರ ತಂದು ದಾರ ಸುಟ್ಟು ನೋಡುವುದು.

ಪಾಲಿಯೆಸ್ಟರ್ ಬೆರೆತರೆ ಏನು ಮಹಾ ಅಂತೀರಾ? ಫ್ಯಾಬ್ರಿಕ್ ಕಲರ್, ಅಂದರೆ ಬಟ್ಟೆಗೆಂದೇ ಮಾಡಿದ ಬಣ್ಣ, ಹತ್ತಿಯ ನೂಲಿನೊಳಗೆ ಚೆನ್ನಾಗಿ ಕೂರುತ್ತದೆ. ಪಾಲಿಯೆಸ್ಟರ್ ನೀರನ್ನೇ ಸರಿಯಾಗಿ ಹೀರುವುದಿಲ್ಲ, ಬಣ್ಣ ಮೇಲೇ ನಿಂತು ಒಗೆದಾಗ ಸಿಪ್ಪೆ ಏಳಬಹುದು. ಕೊನೆಗೆ ಹಾಕಬೇಕಾದ ಬಿಸಿ ಇಸ್ತ್ರಿಯನ್ನೂ ಅದು ತಡೆಯುವುದಿಲ್ಲ.

ಆಮೇಲೆ ಎರಡು ಥರದ ಬಟ್ಟೆ ತಂದೆ. ಮಲಗುವ ಕೋಣೆಗೆ ಕೋರಾ ಬಟ್ಟೆ, ಅಂದರೆ ಬಿಳುಪು ಮಾಡದ, ತುಸು ಹಳದಿ ಛಾಯೆಯದು. ಹಾಲ್‌ಗೆ ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರಿ ಸಂಘದವರ ಕೈಮಗ್ಗದ ಬಟ್ಟೆ, ಚೊಗರಿನ ಬಣ್ಣದ್ದು. ಅಡಿಕೆ ಬೇಯಿಸಿದಾಗ ಉಳಿಯುವ ಕಂದುಗೆಂಪು ರಸವೇ ಚೊಗರು, ನಮ್ಮ ಕಡೆಯವರಿಗೆ ಗೊತ್ತೇ ಇದೆ. ಅಂಗಿಗೆ ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲ ಎಂದು ಅಮ್ಮ ಬೈಯುತ್ತಿದ್ದದ್ದು ಅದಕ್ಕೇ. ಅದರಲ್ಲೇ ಅವರು ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಈ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರಲ್ಲ, ಹಾಗೆ ಕೆಂಪು ಬಟ್ಟೆ ಮೇಲೆ ಬಿಳಿ ಎಲೆ ಬಂದರೆ ಚೆನ್ನ ಎಂಬುದು ನನ್ನ ಲೆಕ್ಕ. ಕೈಮಗ್ಗದ್ದು ಮೀಟರಿಗೆ 300 ದಾಟಿತು. ದುಬಾರಿಯೇ. ಆದರೆ ಕೈಗೆ ಸಿಕ್ಕ ಕೂಡಲೇ ಬಟ್ಟೆ ಯಾವುದು ಎಂದು ಹೇಳುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಹೊಸ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ನನ್ನ ಕೋರಾ ಬಟ್ಟೆ ಮೀಟರಿಗೆ ಎರಡು ಬೆರಳಿಗಿಂತ ಜಾಸ್ತಿಯೇ ಕುಗ್ಗಿತು. ಕಿಟಕಿಗೆ ಬೇಕಾದಷ್ಟೇ ಅಳೆದು ತಂದರೆ ಪರದೆ ಚಡ್ಡಿಯಾಗುತ್ತದೆ. ನೂರಕ್ಕೆ ಹತ್ತು ಹೆಚ್ಚು ತನ್ನಿ.

ಇನ್ನು ಬಟ್ಟೆ ಹದ ಮಾಡುವುದು. ಹೊಸ ಬಟ್ಟೆಗೆ ಗಂಜಿ ಹಾಕಿರುತ್ತಾರೆ. ಕೋರಾ ಬಟ್ಟೆಯಲ್ಲಿ ಅದರ ಜೊತೆಗೆ ಹತ್ತಿಯದೇ ಮೇಣದ ಅಂಶವೂ ಇರುತ್ತದೆ. ಇದು ಹೋಗದಿದ್ದರೆ ಬಣ್ಣ ಒಳಗಿಳಿಯುವುದಿಲ್ಲ. ಬಚ್ಚಲ ಹಂಡೆಯಲ್ಲಿ ನೀರು ಕುದಿಸಿ, ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸೋಪಿನ ಪುಡಿ ಹಾಕಿ, ಕೋರಾ ಬಟ್ಟೆಯನ್ನು ಮುಳುಗಿಸಿ ಬೇಯಿಸಿದೆ. ಅಡುಗೆ ಸೋಡಾ ಅಲ್ಲ, ಬಟ್ಟೆ ಸೋಡಾ. ಕಿರಾಣಿ ಅಂಗಡಿಯಲ್ಲಿ ಕೇಳಿದರೆ ಎರಡನ್ನೂ ಸೋಡಾ ಎಂದೇ ಕೊಡುತ್ತಾರೆ, ನೋಡಿಕೊಳ್ಳಿ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಅಷ್ಟೂ ಕೊಳೆ ಕಣ್ಣಿಗೆ ಕಾಣದೆ ಬಟ್ಟೆಯಲ್ಲೇ ಇತ್ತು. ಚೆನ್ನಾಗಿ ಜಾಲಿಸಿ ಒಣಗಿಸಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮಣಿಯಂತೆ ನಿಂತರೆ ಇನ್ನೊಮ್ಮೆ ಬೇಯಿಸಬೇಕು. ಬಿದ್ದ ಕೂಡಲೇ ಹರಡಿ ಇಂಗಿದರೆ ಬಟ್ಟೆ ಸಿದ್ಧ. ಒಗೆದ ಮೇಲೆ ಬಟ್ಟೆ ಮೆತ್ತಗಾಗಿಸುವ ಕಂಫರ್ಟ್ ಥರದ್ದೇನನ್ನೂ ಹಾಕಬೇಡಿ, ಅದೂ ಬಣ್ಣಕ್ಕೆ ಅಡ್ಡ.

ಚೊಗರಿನ ಬಟ್ಟೆಗೆ ಮಾತ್ರ ಈ ಸೋಡಾ ಉಪಚಾರ ಬೇಡವೇ ಬೇಡ. ಇಂಥ ಬಣ್ಣಗಳು ಕ್ಷಾರದ ಸೋಡಾಗೆ ಛಾಯೆ ಬದಲಿಸುತ್ತವೆ. ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ತಣ್ಣಗೆ ಜಾಲಿಸಿದೆ, ಬೇರೆ ಬಟ್ಟೆಗಳ ಜೊತೆ ಸೇರಿಸದೆ. ಮೊದಲ ಸಲ ಸ್ವಲ್ಪ ಬಣ್ಣ ಬಿಟ್ಟಿತು, ಆಮೇಲೆ ನಿಂತಿತು.

ಈಗ ಬಣ್ಣ. ಮಕ್ಕಳ ಪೋಸ್ಟರ್ ಕಲರ್ ಒಗೆದರೆ ಹೋಗುತ್ತದೆ. ಗೋಡೆ ಪೇಂಟ್ ಒಣಗಿದ ಮೇಲೆ ಬಟ್ಟೆ ಹಪ್ಪಳದ ಹಾಗೆ ನಿಲ್ಲುತ್ತದೆ. ಬೇಕಾದದ್ದು ಫ್ಯಾಬ್ರಿಕ್ ಕಲರ್, ಸ್ಟೇಷನರಿ ಅಂಗಡಿಯಲ್ಲಿ ಫೆವಿಕ್ರಿಲ್, ಕ್ಯಾಮೆಲ್ ಎಂದು ಸಿಗುತ್ತದೆ. ಮನೆಯಲ್ಲಿ ಅಕ್ರಿಲಿಕ್ ಬಣ್ಣ ಇದ್ದರೆ ಅದಕ್ಕೆ ಫ್ಯಾಬ್ರಿಕ್ ಮೀಡಿಯಂ, ಅಂದರೆ ಬಣ್ಣ ಬಟ್ಟೆಗೆ ಒಗ್ಗುವಂತೆ ಮಾಡುವ ದ್ರವ, ಬೆರೆಸಿಯೂ ಮಾಡಬಹುದು.

ಇಲ್ಲೊಂದು ಗುಟ್ಟು ಯಾರೂ ಹೇಳಿರಲಿಲ್ಲ. ಮಾಮೂಲಿ ಫ್ಯಾಬ್ರಿಕ್ ಕಲರ್ ಬಿಳಿ ಬಟ್ಟೆಗೆಂದು ಮಾಡಿದ್ದು. ಗಾಢ ಬಣ್ಣದ ಬಟ್ಟೆಯ ಮೇಲೆ ಹಸಿರನ್ನೋ ಹಳದಿಯನ್ನೋ ಒತ್ತಿದರೆ ಹಸಿಯಿದ್ದಾಗ ಕಾಣುತ್ತದೆ, ಒಣಗಿದ ಮೇಲೆ ಹುಡುಕಬೇಕು. ಚೊಗರಿನ ಬಟ್ಟೆಗೆ ಬಿಳಿಯೇ ಬೇಕು, ಅಥವಾ ಬಿಳಿ ಧಾರಾಳವಾಗಿ ಬೆರೆಸಿದ ಬಣ್ಣ. ನಮ್ಮೂರಿನ ಅಂಗಡಿಗಳಲ್ಲಿ ಹತ್ತು ಬಣ್ಣದ ಡಬ್ಬಿಗಳೇ ಇದ್ದವು, ಒಂದರಲ್ಲಿ ಒಂದೇ ಪುಟ್ಟ ಬಿಳಿ ಬಾಟಲಿ. ಬಿಳಿಗಾಗಿ ಹತ್ತು ಬಣ್ಣ ಕೊಳ್ಳಲು ಆಗುತ್ತಾ? ಬರೀ ಬಿಳಿಯ ದೊಡ್ಡ ಬಾಟಲಿಯನ್ನು ಶಿವಮೊಗ್ಗದಿಂದ ತರಿಸಿಕೊಡುತ್ತೇನೆ ಎಂದು ಅಂಗಡಿಯವರು ಒಪ್ಪಿದರು. "ನಾಳೆ ಬರುತ್ತೆ ಮೇಡಂ." ಆ ನಾಳೆ ಬರುವಷ್ಟರಲ್ಲಿ ಆಷಾಢ ಕಳೆದು ಶ್ರಾವಣ ಬಂದಿತ್ತು. ನಿಮಗೆ ದಿನದ ಗಡುವು ಇದ್ದರೆ ಬಟ್ಟೆಗೂ ಮುಂಚೆ ಬಣ್ಣ ಹೊಂದಿಸಿಕೊಳ್ಳಿ.

ಕಾಯುವ ದಿನಗಳಲ್ಲಿ ಹಿತ್ತಲು ಸುತ್ತಿದೆ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದೇ. ಇಷ್ಟು ವರ್ಷ ಎಲೆಯ ಮುಖವನ್ನಷ್ಟೇ ನೋಡಿದ್ದೆ. ಅಚ್ಚಿಗೆ ಬೇಕಾದದ್ದು ಬೆನ್ನು. ನರಗಳು ಎದ್ದು ನಿಲ್ಲುವುದು ಅಲ್ಲಿ. ಬಣ್ಣ ಹಚ್ಚಬೇಕಾದದ್ದೂ ಆ ಕಡೆಗೇ.

ಪೇರಲೆ ಎಲೆಯಷ್ಟು ಒಳ್ಳೆಯ ಅಚ್ಚು ಇನ್ನೊಂದಿಲ್ಲ. ಬೆನ್ನಿನ ನರ ಉಬ್ಬಿರುತ್ತದೆ, ಎಲೆ ಗಟ್ಟಿ, ಅಳತೆ ಹಿತ. ಹೊಸಬರು ಅದರಿಂದಲೇ ಶುರು ಮಾಡಬೇಕು. ಅರಳಿ ಎಲೆ ನೋಡಲು ಬಹಳ ಚಂದ, ಬಾಲದ ತುದಿಯವರೆಗೂ ಮೂಡುತ್ತದೆ. ಆದರೆ ಕಿತ್ತ ಕೂಡಲೇ ತೊಟ್ಟಿನಿಂದ ಹಾಲು ಬರುತ್ತದೆ. ಹಲಸು, ಪಪ್ಪಾಯಿಗಳದ್ದೂ ಅದೇ ಕಥೆ. ತೊಟ್ಟು ಕೆಳಗಾಗುವಂತೆ ಸ್ವಲ್ಪ ಹೊತ್ತು ಇಟ್ಟು, ಹಾಲು ಒರೆಸಿ, ಆಮೇಲೆ ಬಳಸಿ. ಪಪ್ಪಾಯಿ ಎಲೆ ದೊಡ್ಡ ಪರದೆಗೆ ಒಂದೇ ಸಾಕು, ಅಷ್ಟು ಭರ್ಜರಿ. ಬಸವನಪಾದದ ಸೀಳು ಎಲೆ ಸಾಲಾಗಿ ಒತ್ತಿದರೆ ಅಂಚಿಗೆ ಹೇಳಿ ಮಾಡಿಸಿದಂತಿದೆ. ಹಾಗಲದ ಎಲೆ ಚೆಲುವೆ, ಆದರೆ ಮೆತ್ತಗೆ. ಎರಡನೇ ಒತ್ತಿಗೇ ಹರಿಯುತ್ತದೆ. ಮಾವಿನ ಎಲೆ ನನಗೆ ಒಗ್ಗಲಿಲ್ಲ. ನುಣುಪು ಜಾಸ್ತಿ, ಬಣ್ಣ ಜಾರುತ್ತದೆ. ದೊಡ್ಡಪತ್ರೆ ಬೇಡ, ಒತ್ತಿದರೆ ರಸವೇ ಮೊದಲು ಬರುತ್ತದೆ.

ಸಾಗವಾನಿ ಎಲೆಯ ವಿಷಯದಲ್ಲಿ ಎಚ್ಚರ. ಬಲಿತ ಎಲೆ ಒರಟಾಗಿ, ನರ ದಪ್ಪವಾಗಿ ಸೊಗಸಾದ ಅಚ್ಚು ಕೊಡುತ್ತದೆ. ಚಿಗುರು ಮಾತ್ರ ಮುಟ್ಟಬೇಡಿ. ಅದನ್ನು ಅಂಗೈಯಲ್ಲಿ ಉಜ್ಜಿದರೆ ರಕ್ತದಂತೆ ಕೆಂಪಾಗುತ್ತದೆ ಎಂದು ಇಲ್ಲಿಯ ಮಕ್ಕಳಿಗೆಲ್ಲ ಗೊತ್ತು. ಬಟ್ಟೆ ಮೇಲೂ ಹಾಗೇ ಕೆಂಪು ಕಲೆ ಬೀಳುತ್ತದೆ.

ಜರಿಗಿಡ ಬಿಡುವ ಹಾಗೇ ಇಲ್ಲ. ಬೆನ್ನಿನಲ್ಲಿ ಬಿಳಿ ಪುಡಿ ಇರುವ ಒಂದು ಜಾತಿ ಧರೆಯ ಬದಿಯಲ್ಲಿ ಬೆಳೆಯುತ್ತದಲ್ಲ, ಶಾಲೆಗೆ ಹೋಗುವಾಗ ಅದನ್ನು ಮುಂಗೈ ಮೇಲೆ ಇಟ್ಟು ಪಟ್ ಎಂದು ಹೊಡೆದರೆ ಬೆಳ್ಳಿ ಚಿತ್ತಾರ ಮೂಡುತ್ತಿತ್ತು. ಮಗಳಿಗೆ ತೋರಿಸಿದೆ. ಎರಡೂ ಕೈ, ಕೆನ್ನೆ, ಅಜ್ಜಿಯ ತೋಳು, ಎಲ್ಲದರ ಮೇಲೂ ಒತ್ತಿ ಬಂದಳು. ಬಟ್ಟೆಗೆ ಬಳಸುವಾಗ ಮಾತ್ರ ಆ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು, ಇಲ್ಲವಾದರೆ ಬಣ್ಣ ಅದಕ್ಕೆ ಅಂಟಿ ಮುದ್ದೆಯಾಗುತ್ತದೆ.

ನಮ್ಮ ಯಜಮಾನರಿಗೆ ಹಳೆಯ ಮುದ್ರಣದ ಹುಚ್ಚು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ 1862ರಲ್ಲೇ ಹುಂಜಿಕರ್ ಎನ್ನುವವರು ಹೀಗೆ ತಾಜಾ ಗಿಡಗಳಿಂದ ನೇರವಾಗಿ ಅಚ್ಚು ತೆಗೆದು, ದಕ್ಷಿಣ ಭಾರತದ ಗಿಡಗಳ ಚಿತ್ರಗಳನ್ನು ಪ್ರಕಟಿಸಿದ್ದರಂತೆ ಎಂದು ಶುರು ಮಾಡಿದರು. "ಅವರದ್ದು ಕಾಗದ. ಕಾಗದ ಒಗೆಯಬೇಕಾಗಿಲ್ಲ" ಅಂದೆ. ಆದರೆ ಆ ಮಾತಿನಿಂದ ಒಂದು ಉಪಯೋಗವಾಯಿತು. ಪ್ರತಿ ಎಲೆಯನ್ನೂ ಮೊದಲು ಕಾಗದದ ಮೇಲೆ ಒತ್ತಿ ನೋಡುವ ಅಭ್ಯಾಸ ಮಾಡಿಕೊಂಡೆ. ಬಟ್ಟೆ ಮೇಲೆ ಬಿದ್ದದ್ದನ್ನು ಅಳಿಸಲಾಗುವುದಿಲ್ಲ. ಕಾಗದದ್ದನ್ನು ಒಲೆಗೆ ಹಾಕಬಹುದು. ಚೆನ್ನಾಗಿ ಬಂದ ಕಾಗದದ ಎಲೆಗಳನ್ನು ಕತ್ತರಿಸಿ ಬಟ್ಟೆಯ ಮೇಲೆ ಹರಡಿದರೆ, ಯಾವುದು ಎಲ್ಲಿ ಬರಬೇಕು ಎಂಬುದೂ ಮೊದಲೇ ತಿಳಿಯುತ್ತದೆ. ಜಾಗವನ್ನು ಸೀಮೆಸುಣ್ಣದಲ್ಲಿ ಸಣ್ಣಗೆ ಗುರುತು ಮಾಡಿಕೊಳ್ಳಿ. ಮೇಲೆ ಕೆಳಗೆ ಮಡಿಕೆಗೆ ನಾಲ್ಕು ನಾಲ್ಕು ಬೆರಳು ಖಾಲಿ ಬಿಡಿ.

ಅಚ್ಚು ಹಾಕುವ ದಿನ ಎಲೆಗಳನ್ನು ಬೆಳಗ್ಗೆಯೇ ಕಿತ್ತೆ. ಮಳೆಯ ನೀರು ಒರೆಸಿ, ಪೇಪರಿನ ಮಧ್ಯೆ ಇಟ್ಟು, ಮೇಲೆ ಒರಳುಕಲ್ಲಿನ ಗುಂಡು ಹೇರಿದೆ. ಒಂದು ಗಂಟೆ ಸಾಕು, ಚಪ್ಪಟೆಯಾಗುತ್ತವೆ. ದಿನಗಟ್ಟಲೆ ಇಟ್ಟರೆ ಒಣಗಿ ಮುರಿಯುತ್ತವೆ. ಊಟದ ಟೇಬಲ್ಲಿನ ಮೇಲೆ ಹಳೆಯ ಕಂಬಳಿ ಹಾಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪರದೆ ಬಟ್ಟೆ. ಅಡಿಯಲ್ಲಿ ಮೆತ್ತನೆಯದು ಇದ್ದರೇನೇ ನರಗಳು ಸರಿಯಾಗಿ ಒತ್ತುತ್ತವೆ.

ಬ್ರಷ್ ಬೇಡ. ಅದರ ಗೆರೆಗಳು ನರಗಳ ಜೊತೆ ಬೆರೆತುಹೋಗುತ್ತವೆ. ಪಾತ್ರೆ ತೊಳೆಯುವ ಹೊಸ ಸ್ಪಂಜನ್ನು ತುಂಡು ಮಾಡಿ, ಬಣ್ಣದಲ್ಲಿ ಅದ್ದಿ, ಒಮ್ಮೆ ತಟ್ಟೆಗೆ ತಟ್ಟಿ, ಆಮೇಲೆ ಎಲೆಯ ಬೆನ್ನಿಗೆ ತಟ್ಟುತ್ತ ಹೋಗಬೇಕು. ಬಣ್ಣಕ್ಕೆ ನೀರು ಬೆರೆಸಿದರೆ ಅಂಚಿನಿಂದ ಆಚೆ ಹರಡುತ್ತದೆ. ತೀರಾ ಗಟ್ಟಿಯಾಗಿದ್ದರೆ ಒಂದೆರಡು ಹನಿ, ಅಷ್ಟೇ. ಅಂಗೈಯಗಲದ ಎಲೆಗೆ ಕಾಲು ಚಮಚ ಬಣ್ಣ ಸಾಕು. ನರಗಳ ಮಧ್ಯದ ಗುಳಿ ತುಂಬಿದರೆ ಎಲೆಯ ಬದಲು ಎಲೆಯಾಕಾರದ ತೇಪೆ ಮೂಡುತ್ತದೆ.

ಹಚ್ಚಿದ ಕಡೆ ಕೆಳಗಾಗುವಂತೆ ಇಡಿ. ಇಟ್ಟ ಮೇಲೆ ಕದಲಿಸಬೇಡಿ. ಮೇಲೊಂದು ಬಿಳಿ ಕಾಗದ ಮುಚ್ಚಿ, ಮಧ್ಯದ ನರದಿಂದ ಅಂಚಿನ ಕಡೆಗೆ ಬೆರಳಲ್ಲಿ ಒತ್ತುತ್ತ ಬನ್ನಿ. ದಪ್ಪ ಎಲೆಗಳಿಗೆ ಲಟ್ಟಣಿಗೆ ಒಮ್ಮೆ ಉರುಳಿಸಬಹುದು. ಆಮೇಲೆ ತೊಟ್ಟು ಹಿಡಿದು ನೇರವಾಗಿ ಮೇಲೆತ್ತಿ. ನನ್ನ ಪ್ರಕಾರ ತೊಟ್ಟನ್ನು ಕತ್ತರಿಸಲೇಬಾರದು. ಹಿಡಿಯಲು ಅನುಕೂಲ, ಅಚ್ಚಿನಲ್ಲೂ ಚೆಂದ. ಬಣ್ಣ ಮತ್ತೆ ಹಚ್ಚದೆ ಅದೇ ಎಲೆಯನ್ನು ಇನ್ನೊಮ್ಮೆ ಒತ್ತಿ ನೋಡಿ. ಮೊದಲನೆಯದಕ್ಕಿಂತ ತೆಳುವಾಗಿ, ಸಣ್ಣ ನರಗಳೂ ಕಾಣುವ ಹಾಗೆ ಬರುತ್ತದೆ. ದಟ್ಟ ಎಲೆಗಳ ಹಿಂದೆ ಈ ತೆಳು ಎಲೆಗಳು ಬಂದದ್ದರಿಂದಲೇ ನಮ್ಮ ಪರದೆಗೆ ಒಂದು ಆಳ ಬಂತು.

ಮಗಳ ಕೈಗೂ ಸ್ಪಂಜು ಕೊಟ್ಟಿದ್ದೆ. ಒಂದು ಪರದೆಯ ಮೂಲೆಯಲ್ಲಿ ಅವಳ ಐದು ಬೆರಳೂ ಮೂಡಿವೆ. ಆ ಮೂಲೆ ಈಗ ಸೋಫಾದ ಹಿಂದಕ್ಕೆ ಬರುತ್ತದೆ.

ಇಲ್ಲಿಯವರೆಗೆ ಎಲ್ಲ ಸಲೀಸು. ಒಣಗಿಸುವುದು ಎಂಬ ಪರ್ವ ಆಮೇಲೆ ಶುರುವಾಯಿತು. ಬಣ್ಣ ಕನಿಷ್ಠ 24 ಗಂಟೆ ಒಣಗಬೇಕು ಎಂದು ಬಾಟಲಿ ಹೇಳುತ್ತದೆ. ಅದು ಹೇಳುವುದು ಒಣ ಹವೆಯ ಲೆಕ್ಕ. ಹೊರಗೆ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಮನೆಯೊಳಗೆ ಉಪ್ಪಿನ ಭರಣಿಯೇ ನೀರೂರುತ್ತಿರುವಾಗ ಬಣ್ಣ ಒಣಗುವುದೆಂತು? ಮರುದಿನ ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಮಡಚುವಂತಿಲ್ಲ, ಒಂದರ ಮೇಲೊಂದು ಹಾಕುವಂತಿಲ್ಲ. ಹಾಲ್ ತುಂಬ ಹಗ್ಗ ಕಟ್ಟಿ ಹರಡಿದೆವು. ಮನೆಯವರೆಲ್ಲ ಬಗ್ಗಿಕೊಂಡೇ ಓಡಾಡಿದೆವು.

"ಬಚ್ಚಲ ಒಲೆ ಮೇಲೆ ಹಾಕು, ನಾವೆಲ್ಲ ಮಳೆಗಾಲದಲ್ಲಿ ಬಟ್ಟೆ ಒಣಗಿಸಿದ್ದೇ ಹಾಗೆ" ಎಂದರು ಅತ್ತೆ. ಬಚ್ಚಲಿನ ಬಿಸಿ ಚೆನ್ನಾಗಿಯೇ ಇರುತ್ತದೆ. ಆದರೆ ಮಾಡಿನಿಂದ ಇಲ್ಲಣ ಉದುರುತ್ತದೆ, ಹಸಿ ಬಣ್ಣದ ಮೇಲೆ ಬಿದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ. ಹೊಗೆ ವಾಸನೆ ಬೇರೆ. ಒಂದು ಪರದೆಯನ್ನು ಹಾಕಿ ನೋಡಿ ತೆಗೆದೆವು. ಕೊನೆಗೆ ಸಣ್ಣ ಕೋಣೆಯ ಬಾಗಿಲು ತೆರೆದಿಟ್ಟು, ಟೇಬಲ್ ಫ್ಯಾನ್ ಹಚ್ಚಿ ಒಣಗಿಸಿದೆವು. ಕರೆಂಟು ಇದ್ದಾಗ. ಆ ದಿನಗಳಲ್ಲಿ ನನಗೆ ಆದ ಬೇಸರ ಅಷ್ಟಿಷ್ಟಲ್ಲ. ಹಬ್ಬ ಹತ್ತಿರ ಬರುತ್ತಿತ್ತು. ಎಲ್ಲವನ್ನೂ ಸುತ್ತಿ ಅಟ್ಟಕ್ಕೆ ಎಸೆಯಬೇಕು ಅನ್ನಿಸಿದ್ದೂ ಇದೆ.

ಒಣಗಿದ ಮೇಲೆ ಇಸ್ತ್ರಿ. ಇದನ್ನು ಬಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬಿಸಿಯಿಂದಲೇ ಬಣ್ಣ ಗಟ್ಟಿಯಾಗಿ ನೂಲನ್ನು ಹಿಡಿಯುವುದು. ಬಟ್ಟೆಯನ್ನು ಮಗುಚಿ ಹಾಕಿ, ಹಿಂಬದಿಯಿಂದ, ಕಾಟನ್ ಬಿಸಿಯಲ್ಲಿ, ಹಬೆ ಇಲ್ಲದೆ ಒಂದೊಂದು ಜಾಗಕ್ಕೂ ಮೂರು ನಾಲ್ಕು ನಿಮಿಷ. ಪೆಟ್ಟಿಗೆಯನ್ನು ಒಂದೇ ಕಡೆ ನಿಲ್ಲಿಸಿದರೆ ಸುಡುತ್ತದೆ, ಆಡಿಸುತ್ತಿರಬೇಕು. ಎಂಟು ಪರದೆಗೆ ಎಷ್ಟು ಹೊತ್ತು ಬೇಕು, ನೀವೇ ಲೆಕ್ಕ ಹಾಕಿ. ಅರ್ಧಕ್ಕೇ ಕರೆಂಟು ಹೋಯಿತು.

ಉಳಿದದ್ದನ್ನು ಬೀದಿ ಕೊನೆಯ ಇಸ್ತ್ರಿ ಅಂಗಡಿಗೆ ಒಯ್ದೆ. ಅವರದ್ದು ಇದ್ದಿಲ ಪೆಟ್ಟಿಗೆ, ಕರೆಂಟಿನ ಹಂಗಿಲ್ಲ. ಬಣ್ಣ ಕಂಡ ಕೂಡಲೇ ಅವರು ಕೈ ಹಿಂದೆಳೆದರು. "ಬೇಡ ಅಕ್ಕ, ಪೆಟ್ಟಿಗೆಗೆ ಹತ್ತಿದರೆ ಮುಂದಿನವರ ಬಿಳಿ ಪಂಚೆ ಹಾಳಾಗ್ತದೆ."

"ಅಣ್ಣ, ಹಿಂದಿನಿಂದ ಹಾಕೋದು. ನಡುವೆ ಹಳೆ ಪಂಚೆ ಹಾಸ್ಕೊಳ್ಳಿ, ನಾನೇ ತಂದಿದ್ದೀನಿ" ಅಂದೆ. ಒಂದು ಪರದೆಗೆ ಹಾಕಿ, ಪೆಟ್ಟಿಗೆ ಎತ್ತಿ ತಳ ನೋಡಿಕೊಂಡ ಮೇಲೆ ಒಪ್ಪಿದರು. ಪರದೆಗೆ 30 ರೂಪಾಯಿ ತೆಗೆದುಕೊಂಡರು. ಅಷ್ಟು ಹೊತ್ತು ನಿಂತು ಮಾಡುವ ಕೆಲಸಕ್ಕೆ ಅದು ಜಾಸ್ತಿಯೇನಲ್ಲ. ಆ ಭಾರದ ಪೆಟ್ಟಿಗೆಯಲ್ಲಿ ಆದ ಪರದೆಗಳ ಬಣ್ಣವೇ ಈಗ ಮೆತ್ತಗೆ, ಚೆನ್ನಾಗಿ ಕೂತಿದೆ.

ಹೊಲಿಗೆ ಬೇಗ ಮುಗಿಯಿತು. ದರ್ಜಿಗೆ ಪರದೆಯ ಮೇಲೆ ಯಾವುದು, ಕೆಳಗೆ ಯಾವುದು ಎಂದು ಚೀಟಿ ಅಂಟಿಸಿ ಕೊಡಿ. ಎಲೆಗೆ ತಲೆ ಯಾವುದು, ಬುಡ ಯಾವುದು ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಅಚ್ಚು ಹಾಕಿದ ಬಟ್ಟೆಯನ್ನು ಇಸ್ತ್ರಿಯಾಗಿ 72 ಗಂಟೆ ಕಳೆಯುವ ತನಕ ನೀರಿಗೆ ಹಾಕಬಾರದು. ನಾನು ಇನ್ನೂ ಹೆಚ್ಚೇ ಕಾದೆ. ಮಗುಚಿ, ತಣ್ಣೀರಿನಲ್ಲಿ, ಕೈಯಲ್ಲೇ ಒಗೆದೆ. ಬ್ರಷ್ ಇಲ್ಲ, ಕಲ್ಲಿಗೆ ಬಡಿಯುವುದಿಲ್ಲ, ಹಿಂಡುವುದಿಲ್ಲ. ನೀರು ತಿಳಿಯಾಗಿಯೇ ಇತ್ತು. ಒಂದೆರಡು ಕಡೆ, ಬಣ್ಣ ದಪ್ಪಗೆ ಬಿದ್ದಲ್ಲಿ, ಸಣ್ಣ ಬಿರುಕು ಕಾಣುತ್ತದೆ. ತೆಳುವಾಗಿ ಮೂಡಿದ ಎಲೆಗಳಿಗೆ ಏನೂ ಆಗಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: ಎರಡೂ ಥರದ ಬಟ್ಟೆ ಸೇರಿ ಮೂರೂವರೆ ಸಾವಿರದ ಹತ್ತಿರ, ಬಣ್ಣ ಆರುನೂರು, ಹೊಲಿಗೆ ಎಂಟುನೂರು, ಇಸ್ತ್ರಿ, ಸೋಡಾ, ಸ್ಪಂಜು ಎಂದು ಇನ್ನೊಂದು ಇನ್ನೂರು ಮುನ್ನೂರು. ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಕೊಟ್ಟದ್ದು ಬೇರೆ. ಅದು ಈಗ ಹಾಸಿಗೆಗಳ ಮೇಲೆ ಧೂಳು ಬೀಳದಂತೆ ಹೊದಿಸುವ ಬಟ್ಟೆಯಾಗಿದೆ. ಒಂದೇ ಬಟ್ಟೆ, ಕೋರಾ ಮಾತ್ರ ಬಳಸಿದರೆ ಇದಕ್ಕಿಂತ ಕಡಿಮೆ ದುಡ್ಡಿನಲ್ಲಿ ಮುಗಿಯುತ್ತದೆ. ಅದರ ಮೇಲೆ ಯಾವ ಬಣ್ಣವಾದರೂ ಕಾಣುತ್ತದೆ ಎಂಬುದು ಇನ್ನೊಂದು ಅನುಕೂಲ.

ಮೊದಲ ಸಲಕ್ಕೇ ಪರದೆಗೆ ಕೈ ಹಾಕಬೇಡಿ. ದಿಂಬಿನ ಚೀಲ, ತರಕಾರಿ ಚೀಲ ಸಾಕು. ಮಲೆನಾಡಿನವರಾದರೆ ನವೆಂಬರ್ ಬರಲಿ, ಅಂಗಳಕ್ಕೆ ಬಿಸಿಲು ಬೀಳಲಿ, ಆಗ ಶುರು ಮಾಡಿ. ಆ ಹೊತ್ತಿಗೆ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಬಟ್ಟೆ ಒಣಗಿಸಲು ಒಂದು ಮೂಲೆ ಬಿಡಬೇಕು ಎಂದು ಮನೆಯವರಿಗೆ ಕೊಯ್ಲಿಗೆ ಮುಂಚೆಯೇ ಹೇಳಿಟ್ಟಿರಿ.